ಹದಿನಾಲ್ಕು ಕಾಳು ಕಡಿಮೆ

ಕ್ರಿವೊಗ್ಲೊಗ್ ಗ್ರಾಮ ಕಚೇರಿಯ ದಾಖಲೆಗಳ ಪ್ರಕಾರ ನಾನು ಮಾರ್ಚ್ ಹದಿನಾಲ್ಕರ ಮಂಗಳವಾರ, ಬೆಳಗಿನ ಹನ್ನೊಂದು ಗಂಟೆಗೆ ರಕ್ತಪಿಶಾಚಿಯಾದೆನು. ದಾಖಲೆ ಬರೆದವನು ನಾನೇ ಆದ್ದರಿಂದ ಅದರಲ್ಲಿ ತಪ್ಪಿರುವ ಸಂಭವವಿಲ್ಲ.

ಆ ಚಳಿಗಾಲದಲ್ಲಿ ಊರಿನ ಎರಡು ಹಸುಗಳು ಸತ್ತವು. ಬೂಷ್ಟು ಹಿಡಿದ ಹುಲ್ಲು ತಿಂದು ಸತ್ತವೆಂದು ಎಲ್ಲರಿಗೂ ಗೊತ್ತಿತ್ತು. ಆದರೆ ಹುಲ್ಲು ಕೊಟ್ಟದ್ದು ನಮ್ಮ ಅಧ್ಯಕ್ಷ ತಿಹೊಮಿರರ ಭಾವಮೈದ. ಹೀಗಾಗಿ ಇದು ಪಿಶಾಚಿಯ ಕೆಲಸವೆಂದು ಸಭೆಯಲ್ಲಿ ಸರ್ವಾನುಮತದಿಂದ ತೀರ್ಮಾನವಾಯಿತು. ಪ್ರಕಟಣೆಯನ್ನು ನನ್ನ ದುಂಡು ಅಕ್ಷರದಲ್ಲಿ ಬರೆದು ಬಾಗಿಲಿಗೆ ಅಂಟಿಸಿದೆ:

"ಪ್ರತಿ ಮನೆಯ ಹೊಸ್ತಿಲಲ್ಲಿ ಒಂದು ಜಡೆ ಬೆಳ್ಳುಳ್ಳಿ, ಗ್ಲೊಗ್ ಮುಳ್ಳುಮರದ ಒಂದು ಗೂಟ ಹಾಗೂ ಹತ್ತು ಸಾವಿರಕ್ಕೆ ಕಡಿಮೆಯಿಲ್ಲದಷ್ಟು ಬರಗಿನ ಕಾಳು ಇರತಕ್ಕದ್ದು. ಬೆಳ್ಳುಳ್ಳಿಯನ್ನು ಅನುಮೋದಿತ ಹೊಲದಿಂದಲೇ ಪಡೆಯತಕ್ಕದ್ದು. ಗೂಟಕ್ಕೆ ಕಚೇರಿಯ ಮೊಹರು ಇರತಕ್ಕದ್ದು."

ಅನುಮೋದಿತ ಹೊಲ ಯಾರದೆಂದು ಹೇಳಬೇಕಾಗಿಲ್ಲ. ಬರಗಿನ ವಿಷಯ ಮಾತ್ರ ನಮ್ಮ ಅಜ್ಜಂದಿರ ಕಾಲದ್ದು. ಕಾಳು ಚೆಲ್ಲಿದ್ದರೆ ಪಿಶಾಚಿ ಒಂದೊಂದನ್ನೂ ಎಣಿಸದೆ ಒಳಗೆ ಕಾಲಿಡುವುದಿಲ್ಲ. ಎಣಿಸಿ ಮುಗಿಸುವಷ್ಟರಲ್ಲಿ ಕೋಳಿ ಕೂಗುತ್ತದೆ.

ಹತ್ತು ಸಾವಿರ ಇದೆಯೆಂದು ಯಾರಾದರೂ ಪ್ರಮಾಣೀಕರಿಸಬೇಕಲ್ಲ? ಮೂವತ್ತೊಂದು ವರ್ಷ ಗುಮಾಸ್ತಿಕೆ ಮಾಡಿದ ಈ ಸ್ವೆಟೊಲಿಕ್‌ನನ್ನು ಬಿಟ್ಟು ಆ ಯೋಗ್ಯತೆ ಇನ್ಯಾರಿಗಿದ್ದೀತು! ಜನ ಪುಟ್ಟ ಚೀಲಗಳಲ್ಲಿ ಬರಗು ತರುತ್ತಿದ್ದರು, ನಾನು ಪೆನ್ಸಿಲ್ ತುದಿಯಿಂದ ಎಣಿಸುತ್ತಿದ್ದೆ. ತೂಕ ಹಾಕಿದರೆ ಸಾಕೆಂದು ಶಾಲೆಯ ಮೇಷ್ಟ್ರು ಹೇಳಿದಾಗ ನನಗೆ ಸಿಟ್ಟೇ ಬಂದಿತ್ತು.

ಗುಡ್ಡದಾಚೆಯ ಸ್ಟಾಮೆನಾ ಅಜ್ಜಿ ಹಿಮ ತುಳಿದುಕೊಂಡು ಬಂದಳು.

"ಹದಿನಾಲ್ಕು ಕಾಳು ಕಡಿಮೆ ಇದೆ ಅಜ್ಜಿ."

"ಕೋಳಿ ಕುಕ್ಕಿರ್ಬೇಕು ಕಣೋ."

"ಕೋಳಿಗೆ ವಿನಾಯಿತಿ ಇಲ್ಲ."

"ಹದಿನಾಲ್ಕು ಕಾಳು ಕಡಿಮೆ ಆದ್ರೆ ಆ ದರಿದ್ರದ್ದು ಒಳಗೆ ಬಂದ್ಬಿಡುತ್ತಾ?"

"ಅದು ಬರುತ್ತೋ ಇಲ್ವೋ ಗೊತ್ತಿಲ್ಲ. ಸರ್ಟಿಫಿಕೇಟ್ ಅಂತೂ ಬರಲ್ಲ."

ಅಜ್ಜಿ ಬಂದ ದಾರಿಯಲ್ಲೇ ವಾಪಸು ನಡೆದಳು. ಆ ದಿನ ಊಟಕ್ಕೆ ಕೂತಾಗ ಹೆಂಡತಿ ಕ್ರುನಿಯಾಳಿಗೆ ಇದನ್ನು ಹೆಮ್ಮೆಯಿಂದಲೇ ಹೇಳಿದೆ. ಅವಳು ನನ್ನ ಮುಂದಿನಿಂದ ರೊಟ್ಟಿಯ ತಟ್ಟೆ ಎತ್ತಿಕೊಂಡು ಹೋದಳು.

ಮಾರ್ಚ್ ಹದಿನಾಲ್ಕರಂದು ಜಿಲ್ಲೆಯಿಂದ ತಪಾಸಣಾಧಿಕಾರಿ ರಾಡಿಸಾವ್ ಬಂದರು. ಅಧ್ಯಕ್ಷರು ರಾಕಿಯಾ ಸಾರಾಯಿ ಸುರಿದು ಕೊಡುತ್ತಿದ್ದರು. ಅಷ್ಟರಲ್ಲಿ ಚೀಲ ಭರ್ತಿ ಮಾಡಿಕೊಂಡು ಬಂದ ಸ್ಟಾಮೆನಾ ಅಜ್ಜಿ, ಅಧಿಕಾರಿಗಳು ಚಾಚಿ ಕೂತಿದ್ದ ಬೂಟು ಎಡವಿದಳು. ಬರಗೆಲ್ಲ ನೆಲದ ಮೇಲೆ ಚೆಲ್ಲಿತು.

ನಾನು ಮೊಣಕಾಲೂರಿ ಎಣಿಸತೊಡಗಿದೆ.

"ಏಳ್ರೀ, ಕಸಪೊರಕೆ ತನ್ನಿ" ಎಂದರು ಅಧಿಕಾರಿ.

"ಸ್ವಲ್ಪ ಇರಿ ಸಾರ್, ಇನ್ನೂರ ಹನ್ನೆರಡು... ಇನ್ನೂರ ಹದಿಮೂರು..."

"ಏಳಿ ಅಂದೆ!"

"ಎದ್ರೆ ಲೆಕ್ಕ ತಪ್ಪುತ್ತೆ ಸಾರ್."

ಅಧಿಕಾರಿಗಳು ಕನ್ನಡಕ ಏರಿಸಿ ನಿಯಮಾವಳಿ ತೆಗೆದರು. ನಿಯಮ ಏಳು: ಚೆಲ್ಲಿದ ಕಾಳನ್ನು ಕಂಡು ಎಣಿಸಲು ಕೂತು, ಕರೆದರೂ ಏಳದವನು ಪಿಶಾಚಿ. ನಿಯಮ ಎಂಟು: ಅಂಥವನು ಬೆಳ್ಳುಳ್ಳಿ ಮುಟ್ಟುವುದಿಲ್ಲ, ಕನ್ನಡಿಯಲ್ಲಿ ಕಾಣುವುದಿಲ್ಲ. ನನಗೆ ಎದೆಯುರಿಯಿದೆ, ಬೆಳ್ಳುಳ್ಳಿ ಬಿಟ್ಟು ಹನ್ನೆರಡು ವರ್ಷವಾಯಿತು. ಇನ್ನು ಕಚೇರಿಯ ಕನ್ನಡಿಯ ಪಾದರಸ ಉದುರಿಹೋಗಿ ಅದರಲ್ಲಿ ಯಾರೂ ಕಾಣುವುದಿಲ್ಲ. ಹೊಸ ಕನ್ನಡಿಗೆ ಆರು ಸಲ ಅರ್ಜಿ ಬರೆದವನೂ ನಾನೇ. ಅರ್ಜಿಗಳು ಕಡತದಲ್ಲಿ ಸಿಕ್ಕವು, ಆದರೆ ಅವುಗಳ ಮೇಲೆ "ಪರಿಶೀಲನೆಯಲ್ಲಿದೆ" ಎಂದಿತ್ತು.

"ಬೇಜಾರು ಮಾಡ್ಕೋಬೇಡಪ್ಪ ಸ್ವೆಟೊಲಿಕ್" ಎಂದರು ಅಧ್ಯಕ್ಷರು. "ಆ ರೂಲ್ಸನ್ನ ಬರೆದೋನೂ ನೀನೇ ಅಲ್ವಾ?"

ನಿಜ. ನಿಯಮ ಒಂಬತ್ತನ್ನು ಬರೆದವನೂ ನಾನೇ: ಪಿಶಾಚಿಯೆಂದು ಸಾಬೀತಾದವನ ಎದೆಗೆ ಗ್ಲೊಗ್ ಗೂಟ ಹೊಡೆಯತಕ್ಕದ್ದು. ಅದನ್ನು ಓದುವಾಗ ಅಧಿಕಾರಿಗಳ ದನಿ ಬಹಳ ಸ್ಪಷ್ಟವಾಗಿತ್ತು.

ಆದರೆ ಗೂಟಕ್ಕೆ ಮೊಹರು ಬೇಕು. ಮೊಹರು ಹಾಕುವ ಅಧಿಕಾರ ಗುಮಾಸ್ತನದು, ಪಿಶಾಚಿಯಾದ ಮೇಲೆ ಗುಮಾಸ್ತ ಸತ್ತಂತೆಯೇ ಲೆಕ್ಕ, ಸತ್ತವನ ಮೊಹರು ಊರ್ಜಿತವಲ್ಲ. ಹೊಸ ಗುಮಾಸ್ತನ ನೇಮಕಾತಿ ಆಗುವವರೆಗೆ ಗೂಟವನ್ನು ಮುಂದೂಡಲಾಯಿತು. ನಮ್ಮ ಜಿಲ್ಲೆಯ ನೇಮಕಾತಿಗಳಿಗೆ ಹಿಡಿಯುವ ಕಾಲವನ್ನು ಬಲ್ಲ ನಾನು ನೆಮ್ಮದಿಯ ಉಸಿರು ಬಿಟ್ಟೆ.

ಅಲ್ಲಿಯವರೆಗೆ ಬರಗು ಎಣಿಸುವವರು ಯಾರು ಎಂಬ ಪ್ರಶ್ನೆ ಬಂತು. ಅಧಿಕಾರಿಗಳು ಯೋಚಿಸಿ, ಆ ಕೆಲಸಕ್ಕೆ ರಕ್ತಪಿಶಾಚಿಗಿಂತ ಅರ್ಹ ಅಭ್ಯರ್ಥಿ ಸಿಗಲಾರನೆಂದೂ, ಎಣಿಕೆಗೆ ಮೊಹರು ಬೇಡ, ಸಹಿ ಸಾಕೆಂದೂ ಟಿಪ್ಪಣಿ ಬರೆದರು. ನಾನು ಬದುಕಿರುವವರ ಪುಸ್ತಕದಲ್ಲಿ ನನ್ನ ಹೆಸರು ಹೊಡೆದುಹಾಕಿ, ಸತ್ತವರ ಪುಸ್ತಕದಲ್ಲಿ ಚಂದವಾಗಿ ಬರೆದು, ಮೇಜಿಗೆ ಮರಳಿದೆ.

ಮನೆಯ ಕಡೆ ಹೊರಟಾಗಲೇ ನನಗೆ ನಿಜವಾಗಿ ಹೆದರಿಕೆಯಾದದ್ದು. ನಿಯಮ ನಮ್ಮ ಹೊಸ್ತಿಲಿಗೂ ಅನ್ವಯಿಸುತ್ತದೆ. ಹತ್ತು ಸಾವಿರ ಕಾಳು ಎಣಿಸುವಷ್ಟರಲ್ಲಿ ಸಾರು ಆರುತ್ತದೆ, ಬೆಳಗಾಗುತ್ತದೆ, ಮತ್ತೆ ಕಚೇರಿ. ಇನ್ನೆಂದೂ ನನ್ನ ಒಲೆಯ ಪಕ್ಕ ಕೂರಲಾರೆ. ಅವಳು ಬಾಗಿಲು ತೆರೆಯುವಳೋ ಇಲ್ಲವೋ ಎಂಬುದೂ ಗೊತ್ತಿರಲಿಲ್ಲ.

ಕ್ರುನಿಯಾ ಬಾಗಿಲಲ್ಲೇ ನಿಂತಿದ್ದಳು.

"ಸುದ್ದಿ ಬಂತು. ಸತ್ತಿದ್ದೀರಂತೆ?"

"ಕಚೇರಿ ಪ್ರಕಾರ."

"ಸರಿ, ಎಣಿಸಿ ಬೇಗ ಒಳಗೆ ಬನ್ನಿ. ಸಾರು ಬಿಸಿ ಇದೆ."

ಬಗ್ಗಿ ನೋಡಿದೆ. ಹೊಸ್ತಿಲ ಮೇಲೆ ಏಳು ಕಾಳು ಬರಗಿತ್ತು. ಅಭ್ಯಾಸಬಲದಿಂದ ಎರಡು ಸಲ ಎಣಿಸಿದೆ. ಕಣ್ಣು ಮಂಜಾಗಿದ್ದರಿಂದ ಮೂರನೇ ಸಲವೂ ಎಣಿಸಬೇಕಾಯಿತು.

ಮರುದಿನ ನಮ್ಮ ಮನೆಯ ಪ್ರಮಾಣಪತ್ರದಲ್ಲಿ "ಹತ್ತು ಸಾವಿರ, ಸರಿಯಿದೆ" ಎಂದು ಬರೆದು ಸಹಿ ಮಾಡಿದೆ. ಮೂವತ್ತೊಂದು ವರ್ಷದಲ್ಲಿ ನಾನು ಬರೆದ ಮೊದಲ ಸುಳ್ಳು ಲೆಕ್ಕ ಅದು. ಆಮೇಲೆ ಗುಡ್ಡ ದಾಟಿ ಸ್ಟಾಮೆನಾ ಅಜ್ಜಿಯ ಮನೆಗೆ ಹೋಗಿ, ಚೀಲ ಬಿಚ್ಚಿಸದೆ ಅವಳ ಪ್ರಮಾಣಪತ್ರವನ್ನೂ ಕೊಟ್ಟೆ.

ಅಜ್ಜಿ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಬದುಕಿದ್ದಾಗ ಇಷ್ಟು ಒಳ್ಳೆಯವನಾಗಿರ್ಲಿಲ್ಲ ಕಣೋ ನೀನು" ಎಂದಳು.