ದುಭಾಷಿಗೆ ಪಾಠ

ಭಾನುವಾರ ಬೆಳಗ್ಗೆ ಅಮ್ಮ ಹೊಲಿಗೆ ಮಷೀನಿನ ಮುಂದೆ ಕೂತು ಮೊದಲ ಪ್ಯಾಂಟಿನ ಅಂಚು ಮಡಚುವಷ್ಟರಲ್ಲೇ ಕೆಳಮನೆಯ ಅಜ್ಜಿ ಪೊರಕೆಯ ಕೋಲಿನಿಂದ ತಮ್ಮ ಸೂರಿಗೆ ಕುಟ್ಟಿದರು. ಅಮ್ಮನೂ ಬಿಡಲಿಲ್ಲ, ಹಿಮ್ಮಡಿಯಿಂದ ನೆಲಕ್ಕೆ ಕುಟ್ಟಿದಳು. ಅಷ್ಟಕ್ಕೆ ಅಜ್ಜಿ ಮೆಟ್ಟಿಲು ಹತ್ತಿ ಬಂದೇಬಿಟ್ಟರು.

ಈ ದೇಶಕ್ಕೆ ಬಂದು ಮೂರು ವರ್ಷವಾದರೂ ಅಮ್ಮನಿಗೆ ಇಲ್ಲಿನ ಭಾಷೆಯಲ್ಲಿ ನಮಸ್ಕಾರ ಬಿಟ್ಟರೆ ಮುಂದಿನ ಮಾತು ಬಾರದು. ಹನ್ನೊಂದರ ಮಗಳೋ, ಇಲ್ಲೇ ಹುಟ್ಟಿದ ಮಕ್ಕಳನ್ನೆಲ್ಲ ಹಿಂದಿಕ್ಕಿ ಭಾಷೆಯಲ್ಲಿ ತರಗತಿಗೇ ಮೊದಲು. ಆಸ್ಪತ್ರೆ, ಬ್ಯಾಂಕು, ಅಂಗಡಿ, ಎಲ್ಲಿ ಹೋದರೂ ಅಮ್ಮನ ಬಾಯಿ ಅವಳೇ. ಹಾಗಾಗಿ ಮನೆಯಲ್ಲಿ ಅವಳನ್ನು ಕರೆಯುವುದೇ ದುಭಾಷಿ ಎಂದು. ಹುಡುಗಿಗೆ ಆ ಹೆಸರೆಂದರೆ ಬಲು ಹೆಮ್ಮೆ.

ತಲೆಯೊಳಗೆ ರೈಲು ಓಡಿದ ಹಾಗಾಗುತ್ತಿದೆ, ಇನ್ನೊಮ್ಮೆ ಸದ್ದಾದರೆ ಮಾಲೀಕರಿಗೆ ಹೇಳಿ ಮನೆ ಖಾಲಿ ಮಾಡಿಸುತ್ತೇನೆ ಎಂದರು ಅಜ್ಜಿ. ಹುಡುಗಿ ಲೆಕ್ಕ ಹಾಕಿದಳು. ಮಷೀನು ನಿಂತರೆ ಅಮ್ಮನ ಸಂಪಾದನೆಯೂ ನಿಂತಂತೆ. ಅಮ್ಮನ ಸಿಟ್ಟೋ, ಒಲೆ ಮೇಲಿನ ಹಾಲು.

"ಅಜ್ಜಿಗೆ ಸ್ವಲ್ಪ ತಲೆನೋವಂತಮ್ಮಾ," ಎಂದಳು ಹುಡುಗಿ.

ಅಮ್ಮ ಉಕ್ಕಿಯೇ ಬಿಟ್ಟಳು. ಇವರ ಟೀವಿ ಅಬ್ಬರಕ್ಕೆ ನಮ್ಮ ಮಂಚ ನಡುಗುತ್ತದಲ್ಲ, ಅದಕ್ಕೇನು ಹೇಳುತ್ತಾರೆ, ಇನ್ನೊಮ್ಮೆ ಸೂರಿಗೆ ಕುಟ್ಟಲಿ, ನಾನೂ ನೋಡಿಕೊಳ್ಳುತ್ತೇನೆ ಎಂದು ಉಸಿರು ಕಟ್ಟುವವರೆಗೂ ಕೂಗಾಡಿದಳು.

"ಆರೋಗ್ಯ ನೋಡ್ಕೊಳ್ಳಿ ಅಂತಿದಾರೆ," ಎಂದು ಹುಡುಗಿ ಅಜ್ಜಿಗೆ ದಾಟಿಸಿದಳು.

ಹೀಗೆ ಕೆಂಗಣ್ಣು ಬಿಟ್ಟು ಯಾರಾದರೂ ಆರೋಗ್ಯ ವಿಚಾರಿಸುತ್ತಾರೆಯೇ ಎಂದು ಅಜ್ಜಿ ಗಲಿಬಿಲಿಗೊಂಡರು. ಆದರೂ ವಿಚಾರಿಸುವವರು ಸಿಕ್ಕಿದ್ದೇ ಹೆಚ್ಚೆಂದು ಮಂಡಿನೋವು, ನಿದ್ದೆ ಬಾರದ್ದು, ಫೋನ್ ಮಾಡದ ಮಗ, ಎಲ್ಲ ಹೇಳಿಕೊಂಡರು. ಅದು ಅಮ್ಮನ ಕಿವಿಗೆ, "ತಪ್ಪಾಯ್ತಂತಮ್ಮಾ," ಎಂದಾಗಿ ತಲುಪಿತು. ಅಮ್ಮ ಮೆತ್ತಗಾಗಿ ಕುರ್ಚಿ ಎಳೆದು ಕೊಟ್ಟಳು. ದುಭಾಷಿ ಮನಸ್ಸಿನಲ್ಲೇ ತನ್ನ ಬೆನ್ನು ತಟ್ಟಿಕೊಂಡಳು.

ಅಷ್ಟರಲ್ಲಿ ಗಲಾಟೆ ಕೇಳಿ ಎದುರುಮನೆಯ ನಲ್ಲಿ ರಿಪೇರಿಯವರು ಬಾಗಿಲಲ್ಲಿ ಇಣುಕಿದರು. ಊರವರ ಜಗಳಕ್ಕೆಲ್ಲ ಕಿವಿಕೊಡುವುದು ಅವರ ಭಾನುವಾರದ ಕೆಲಸ. "ಆ ತಾಯಿ ಮಾರುದ್ದ ಮಾತಾಡಿದ್ರು, ಹುಡುಗಿ ಗೇಣುದ್ದ ಹೇಳಿದ್ಲು. ಮಿಕ್ಕಿದ್ದು ಎಲ್ಲಿ ಹೋಯ್ತು?" ಎಂದು ಅಜ್ಜಿಯನ್ನು ಕೇಳಿದರು.

ಅಮ್ಮನಿಗೂ ಅದೇ ಹೊತ್ತಿಗೆ ಅದೇ ಅನುಮಾನ. "ಅವರು ಅಷ್ಟು ಹೊತ್ತು ಹೇಳಿದ್ದು ಬರೀ ತಪ್ಪಾಯ್ತು ಅಂತಲಾ?"

ಎಲ್ಲರ ಕಣ್ಣೂ ಹುಡುಗಿಯ ಮೇಲೆ ಬಿತ್ತು. ಸುಳ್ಳಿ ಎಂದು ಒಪ್ಪಿಕೊಂಡರೆ ಜಗಳ ಮತ್ತೆ ಹೊತ್ತಿಕೊಳ್ಳುತ್ತದೆ. ದಡ್ಡಿ ಎಂದು ಒಪ್ಪಿಕೊಂಡರೆ ಮಷೀನು ಉಳಿಯುತ್ತದೆ. ತರಗತಿಗೇ ಮೊದಲನೆಯವಳು ತಲೆ ತಗ್ಗಿಸಿದಳು.

"ಅಷ್ಟುದ್ದ ಹೇಳಿದ್ರೆ ನಂಗೆ ಅರ್ಥ ಆಗಲ್ಲ," ಎಂದು ಎರಡೂ ಭಾಷೆಗಳಲ್ಲಿ ಹೇಳಿದಳು.

ನಿನಗೆ ಮೊದಲ ನಂಬರು ಕೊಟ್ಟ ಮೇಷ್ಟ್ರನ್ನು ಒಮ್ಮೆ ನೋಡಬೇಕು ಎಂದು ಅಮ್ಮ ಗೊಣಗಿದಳು. ಅಜ್ಜಿಯ ಕಣ್ಣುಗಳು ಮಾತ್ರ ಮಿನುಗಿದವು. ಅವರು ಜೀವಮಾನವಿಡೀ ಶಾಲೆಯಲ್ಲಿ ಭಾಷೆ ಕಲಿಸಿ ನಿವೃತ್ತರಾಗಿದ್ದವರು. ಇವತ್ತಿನಿಂದಲೇ ಪ್ರತಿ ಸಂಜೆ ಮಗುವನ್ನು ನನ್ನ ಹತ್ತಿರ ಕಳಿಸಿ, ಪಾಠದಲ್ಲಿದ್ದರೆ ನನಗೆ ಯಾವ ಸದ್ದೂ ಕೇಳುವುದಿಲ್ಲ, ಆಗ ಮಷೀನು ಧಾರಾಳವಾಗಿ ಓಡಲಿ ಎಂದರು. ಈ ಮಾತನ್ನು ಹುಡುಗಿ ಒಂದಕ್ಷರ ಬಿಡದೆ ದಾಟಿಸಬೇಕಾಯಿತು.

"ನಮ್ಮ ಭಾಷೇನೂ ಇವಳಿಗೆ ಅಷ್ಟಕ್ಕಷ್ಟೇ ಅಂತ ಹೇಳು. ಬೆಳಗ್ಗೆ ನಾನು ಕಲಿಸ್ತೀನಿ," ಎಂದಳು ಅಮ್ಮ. ಅದನ್ನೂ ದಾಟಿಸಿದಳು.

ಆ ಸಂಜೆ ಅಜ್ಜಿ ಕುರ್ಚಿ ತೋರಿಸಿ ಇದೇನೆಂದು ಕೇಳಿದರು. ಮೇಲೆ ಮಷೀನು ಯಾರ ಅಂಜಿಕೆಯೂ ಇಲ್ಲದೆ ಗಡಗಡ ಓಡುತ್ತಿತ್ತು. ಅದನ್ನು ಕೇಳುತ್ತಾ ಹುಡುಗಿ, ಕುರ್ಚಿ ಎಂದಳು. ಅಜ್ಜಿ ಚಪ್ಪಾಳೆ ತಟ್ಟಿದರು.

ಅವಳು ಮೇಲೆ ಬಂದಾಗ ಅಮ್ಮ ಫೋನಿನಲ್ಲಿ ದೊಡ್ಡಮ್ಮನ ಜೊತೆ ಮಾತಾಡುತ್ತಿದ್ದಳು. "ಅಕ್ಕಾ, ಜಗಳಕ್ಕೆ ಬಂದವರನ್ನೇ ಟೀಚರ್ ಮಾಡ್ಕೊಂಡ್ಳು ನಿನ್ನ ತಂಗಿ ಮಗಳು. ಇಂಥ ಮಗಳು ಎಷ್ಟು ಜನಕ್ಕಿದಾಳೆ ಹೇಳು." ಆಮೇಲೆ ಫೋನಿಗೆ ಕೈ ಅಡ್ಡ ಹಿಡಿದು, ಇವತ್ತೇನು ಕಲಿತೆ ಎಂದು ಕೇಳಿದಳು.

"ಕುರ್ಚಿ."

ಅಮ್ಮನ ಮುಖ ಅರಳಿತು. "ನಾಳೆ?"

"ಮೇಜು," ಎಂದಳು ಹುಡುಗಿ.