ಕಪ್ಪೆಗೆ ಬಂದ ಆಹೇರಿ

ಹದಿನೆಂಟು ವರ್ಷ ಮುಖಕ್ಕೆ ಬಣ್ಣ ಹಚ್ಚಿದವನು ಒಂದು ದಿನ ಬೇರೆ ಕೆಲಸಕ್ಕೆ ಸೇರಿದರೆ, ಬಣ್ಣವೇನೋ ತೊಳೆದರೆ ಹೋಗುತ್ತದೆ, ಚಟ ಹೋಗುವುದಿಲ್ಲ. ವಾರಕ್ಕೊಂದಾದರೂ ಫಜೀತಿ ನನಗೆ ತಪ್ಪದಿರುವುದು ಇದೇ ಕಾರಣಕ್ಕೆ.

ನಾನು ಖಾನಾಪುರ ತಾಲೂಕಿನ ಬೀಡಿ ಎಂಬ ಊರಿನವನು. ನಾಟಕಗಳಲ್ಲಿ ಖಳನಾಯಕನಾಗಿದ್ದೆ. ಈಗ ಬೆಳಗಾವಿಯ ಶಿವಬಸವ ನಗರದಲ್ಲಿ, ಹಿಟ್ಟಿನ ಗಿರಣಿಯ ಮೇಲಿನ ಎರಡು ಕೋಣೆಗಳಲ್ಲಿ ಮಕ್ಕಳ ಕಾರ್ಟೂನ್ ಮಾಡುವವರ ಜೊತೆ ಇದ್ದೇನೆ. ಕಥೆ ನನ್ನದು, ಕಪ್ಪೆಯ ಧ್ವನಿ ನನ್ನದು, ಹಾವಿನದೂ ನನ್ನದೇ. ಚಿತ್ರ ಮಾತ್ರ ಬೆಳಗಾವಿಯದೇ ಕ್ಯಾಂಪ್ ಭಾಗದಿಂದ ಬರುವ ಒಬ್ಬ ಹುಡುಗಿಯದು.

ನನಗೆ ನಾಟಕ ಕಲಿಸಿದ ಮಾಸ್ತರರು ಈ ಸುದ್ದಿ ಕೇಳಿ ಒಂದೇ ಮಾತು ಹೇಳಿದ್ದರು: "ಮಾರಿ ತೋರಸದ ಮಾಡೂದು ಪಾರ್ಟ್ ಅಲ್ಲೋ ತಮ್ಮಾ. ಎದುರಿಗೆ ಮಂದಿನ ಇಲ್ಲಂದ್ರ ಯಾರ ಮುಂದ ಮಾಡ್ತಿ?"

ಆಮೇಲೆ ಊರಿಗೆ ಹೋದಾಗಲೆಲ್ಲ ಚಹಾ ಕುಡಿಸುತ್ತಿದ್ದರು, ಮಕ್ಕಳ ಸಾಲಿ-ಓದು ವಿಚಾರಿಸುತ್ತಿದ್ದರು. ನನ್ನ ಕೆಲಸದ ಮಾತು ಬಂತೆಂದರೆ ಮಾತ್ರ ಎದ್ದು ಎಮ್ಮೆಗೆ ನೀರು ಇಡಲು ಹೋಗಿಬಿಡುತ್ತಿದ್ದರು. ಆ ಎಮ್ಮೆ ಅಷ್ಟು ನೀರನ್ನು ಜನ್ಮದಲ್ಲೇ ಕುಡಿದಿರಲಿಕ್ಕಿಲ್ಲ. ನನಗೆ ಒಳಗೊಳಗೇ ಸಂಕಟ. ಅವರು ಒಪ್ಪದ ಪಾತ್ರವನ್ನು ನಾನು ಅದುವರೆಗೆ ಮಾಡಿದವನಲ್ಲ.

೧. ಕಡೆಯ ಸಾಲಿನವನಿಗೂ ಕೇಳಬೇಕು

ಮೊದಲ ದಿನದ ರೆಕಾರ್ಡಿಂಗ್. ಕೆಳಗಿನ ಗಿರಣಿಯ ಸದ್ದು ಒಳಗೆ ಬರಬಾರದೆಂದು ಕಿಟಕಿಗೆ ಗಾದಿ ಕಟ್ಟಿದ್ದರು. ಒಳಗಿನ ಸದ್ದು ಹೊರಗೆ ಹೋಗಬಹುದೆಂದು ಯಾರೂ ಯೋಚಿಸಿರಲಿಲ್ಲ.

ಕಪ್ಪೆಮರಿ ತಾಯಿಯ ಕಿವಿಯಲ್ಲಿ ಹೇಳುವ ಮಾತು: "ಅವ್ವಾ, ನನಗ ನಿದ್ದಿ ಬರವಲ್ದು." ಕಡೆಯ ಸಾಲಿನವನಿಗೂ ಕೇಳಬೇಕೆಂದು ಮಾಸ್ತರರು ನನಗೆ ಕಲಿಸಿದ ಮೊದಲ ಪಾಠ. ಕಲಿತ ಹಾಗೆಯೇ ಹೇಳಿದೆ.

ಕೆಳಗೆ ಗಿರಣಿ ನಿಂತಿತು. ಮೈಯೆಲ್ಲ ಹಿಟ್ಟು ಮಾಡಿಕೊಂಡ ಗಿರಣಿಯವರು ಮೆಟ್ಟಿಲು ಹತ್ತಿ ಓಡಿಬಂದು ಕೇಳಿದರು: "ಯಾರಿಗ್ರೀ ನಿದ್ದಿ ಬರವಲ್ದು? ದವಾಖಾನಿಗೆ ಹೋಗೂಣೇನು?"

೨. ಮೊಣಕಾಲಿನ ಔಷಧ

ಕಪ್ಪೆ ಹೇಗೆ ಜಿಗಿಯುತ್ತದೆಂದು ನಾನು ಮಾಡಿ ತೋರಿಸಿದರೆ ಹುಡುಗಿ ನೋಡಿ ಚಿತ್ರ ಬರೆಯುತ್ತಾಳೆ. ಒಳಗೆ ಜಾಗ ಸಾಲದೆ ಮೇಲಿನ ತೆರೆದ ಮಾಳಿಗೆಗೆ ಹೋದೆವು. ನಾನು ಕುಕ್ಕರುಗಾಲಲ್ಲಿ ಕೂತು ಜಿಗಿಯುವುದು, ಅವಳು ಬರೆಯುವುದು. ಹೀಗೆ ನಾಲ್ಕು ದಿನ ನಡೆಯಿತು.

ಬಾಜು ಮನೆಯ ಮಾಳಿಗೆಯಲ್ಲಿ ಒಬ್ಬ ಅಜ್ಜಿ ದಿನಾಲೂ ಶ್ಯಾವಿಗೆ ಒಣಹಾಕುತ್ತ ನಮ್ಮನ್ನೇ ನೋಡುತ್ತಿದ್ದರು. ಹುಚ್ಚನೆಂದು ತಿಳಿದಿರಬೇಕೆಂದು ನನಗೆ ನಾಚಿಕೆ. ಐದನೆಯ ದಿನ ನೋಡಿದರೆ ಅಲ್ಲಿ ಇನ್ನಿಬ್ಬರು ಅಜ್ಜಿಯರು ಬಂದು ನಿಂತಿದ್ದಾರೆ, ಮೂವರೂ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಾರೆ.

"ಡಾಕ್ಟರ್ ಅಕ್ಕಾರು ಎದುರಿಗೆ ನಿಂತು ಬರ್ಕೊಳ್ಳಾಕತ್ತಾರ ಅಂದಮ್ಯಾಲ ಖರೇ ಮೊಣಕಾಲ ಔಷಧಾನ ಇರಬೇಕು," ಎಂದರು ಮೊದಲನೆಯ ಅಜ್ಜಿ. "ಇದನ್ನ ಊಟಕ್ಕಿಂತ ಮೊದಲ ಮಾಡೂದ್ರೀ, ಉಂಡಮ್ಯಾಲ?"

೩. ಹಾವಿಗೆ ಏನಾಗಿದೆ

ನನ್ನ ಖಳನಾಯಕನ ನಗೆಗೆ ಒಂದು ಕಾಲದಲ್ಲಿ ಮುಂದಿನ ಸಾಲಿನ ಕೂಸುಗಳೆಲ್ಲ ಅಳುತ್ತಿದ್ದವು. ಅದೇ ನಗೆಯನ್ನು ಹಾವಿಗೆ ಕೊಟ್ಟು, ಓಣಿಯ ಮಕ್ಕಳನ್ನು ಕೂಡಿಸಿ ತೋರಿಸಿದೆವು. ಯಾರೂ ಹೆದರಲಿಲ್ಲ. ಐದು ವರ್ಷದ ಒಬ್ಬಳು ನನ್ನ ಅಂಗಿ ಜಗ್ಗಿ ಕೇಳಿದಳು: "ಕಾಕಾ, ಹಾವಿಗೆ ಹೊಟ್ಟಿ ಕಡ್ಯಾಕತ್ತೈತೇನ್ರಿ?"

ಹದಿನೆಂಟು ವರ್ಷದ ಸಾಧನೆ ಒಂದೇ ಪ್ರಶ್ನೆಗೆ ಮಣ್ಣುಪಾಲಾಯಿತು. ಆದರೆ ಕಥೆ ಸಿಕ್ಕಿತು. ಹಾವಿಗೆ ಹೊಟ್ಟೆನೋವು, ಕಪ್ಪೆ ಕಷಾಯ ಕಾಯಿಸಿ ಕುಡಿಸುತ್ತದೆ. ಹಾಗೆ ಬದಲಿಸಿ ಮತ್ತೆ ತೋರಿಸಿದಾಗ ಮಕ್ಕಳು ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ. ಹೆದರಿಸಿ ಹೊಟ್ಟೆ ಹೊರೆಯುವುದಕ್ಕಿಂತ ಇದೇ ಸುಖದ್ದು ಅನ್ನಿಸಿತು.

೪. ಬೀಡಿಯಲ್ಲಿ ಪ್ರಯೋಗ

ಕೊನೆಗೆ ಧೈರ್ಯ ಮಾಡಿ, ಚಿತ್ರದ ಹುಡುಗಿಯನ್ನೂ ಕರೆದುಕೊಂಡು, ಅದೇ ಕಾರ್ಟೂನನ್ನು ಬೀಡಿಗೆ ಒಯ್ದೆ. ನಾವು ನಾಟಕದ ತಾಲೀಮು ಮಾಡುತ್ತಿದ್ದ ಖೋಲಿಯ ಗೋಡೆಗೆ ಬಿಳಿ ಚಾದರ ಹಾಕಿ, ಕಿಟಕಿಗಳಿಗೆ ಕಂಬಳಿ ಕಟ್ಟಿ, ಮಟಮಟ ಮಧ್ಯಾಹ್ನ ಕತ್ತಲೆ ಮಾಡಿದೆವು. ಮುಂದೆ ಮಕ್ಕಳು, ನಡುವೆ ಹಳೆಯ ನಟರು, ಕಡೆಯ ಸಾಲಿನಲ್ಲಿ ಮಾಸ್ತರರು. ಎಲ್ಲರೂ ಚಿತ್ರ ನೋಡಿದರು, ನಾನು ಮಾಸ್ತರರ ಮುಖ ನೋಡುತ್ತ ನಿಂತೆ.

ಕಷಾಯದ ಸೀನು ಮುಗಿಯುತ್ತಲೇ "ವನ್ಸ್ ಮೋರ್" ಎಂಬ ಕೂಗು ಬಿತ್ತು. ನಾಟಕದಲ್ಲಿ ಹಾಗೆ ಕೂಗಿದರೆ ಸೀನು ಮತ್ತೆ ಮಾಡಲೇಬೇಕು. ಹುಡುಗಿ ಮತ್ತೆ ತೋರಿಸಿದಳು. ಮತ್ತೆ ಕೂಗಿದರು. ನಾಲ್ಕನೆಯ ಸಲ ಮುಗಿದಾಗ ಹಳೆಯ ನಟರೊಬ್ಬರು ಮೆಚ್ಚಿ ತಲೆದೂಗಿದರು: "ನಾಕ ಸರತಿ ಮಾಡಿದ್ರೂ ದಮ್ಮ ಹತ್ತಲಿಲ್ಲ ನೋಡ್ರಿ. ಗಟ್ಟಿ ಕಪ್ಪಿ."

ಆಗ ಮಾಸ್ತರರು ಎದ್ದರು. "ಆಟ ನಿಂದ್ರಸರಿ."

ಹುಡುಗಿ ಚಿತ್ರ ನಿಲ್ಲಿಸಿದಳು, ಕಪ್ಪೆ ಬಾಯಿ ತೆರೆದುಕೊಂಡೇ ನಿಂತಿತು. ನಮ್ಮ ಕಡೆ ಪಾರ್ಟು ಮನಸ್ಸಿಗೆ ಬಂದರೆ, ನೋಡುವವರು ಆಟ ನಿಲ್ಲಿಸಿ ರಂಗದ ಮೇಲೇರಿ ನಟನಿಗೆ ಉಡುಗೊರೆ ಕೊಡುತ್ತಾರೆ. ಅದಕ್ಕೆ ಆಹೇರಿ ಎನ್ನುತ್ತಾರೆ. ನಟ ಕೈಮುಗಿದ ಮೇಲೆಯೇ ಆಟ ಮುಂದಕ್ಕೆ. ಮಾಸ್ತರರು ಸಾವಕಾಶ ನಡೆದುಬಂದು, ಹೆಗಲ ಮೇಲಿನ ಹೊಸ ಟವೆಲ್ ತೆಗೆದು, ಎರಡು ಪಿನ್ನು ಚುಚ್ಚಿ ಚಾದರದ ಮೇಲಿನ ಕಪ್ಪೆಯ ಹೆಗಲಿಗೆ ಹಾಕಿದರು. ಖೋಲಿಯೆಲ್ಲ ಚಪ್ಪಾಳೆ. ನನ್ನ ಕಣ್ಣು ತುಂಬಿ ಬಂತು.

ಹುಡುಗಿ ಚಿತ್ರ ಮುಂದೆ ಬಿಟ್ಟಳು. ಕಪ್ಪೆ ಟಣ್ಣನೆ ಜಿಗಿದು ಕೆರೆಯ ಕಡೆ ಹೊರಟುಹೋಯಿತು. ಟವೆಲ್ ಅಲ್ಲೇ ಆಕಾಶದಲ್ಲಿ ಜೋತುಬಿದ್ದಿತ್ತು. ಮಾಸ್ತರರು ಬಾಜುವಿಗೆ ನಿಂತು ಕಾದೇ ಕಾದರು. ಕಪ್ಪೆ ಹಿಂದಿರುಗಿ ನೋಡಲಿಲ್ಲ.

"ಆಹೇರಿ ಮಾಡಿದ್ರ ಕೈ ಸೈತ ಮುಗೀಲಿಲ್ಲ," ಎಂದರು ಮಾಸ್ತರರು. "ಇದಕ್ಕ ಕಲಿಸಿದ ಮಾಸ್ತರ ಯಾರು?"

ಎಲ್ಲರೂ ನನ್ನ ಕಡೆ ತಿರುಗಿದರು. "ನಾನ ರೀ," ಎಂದೆ.

"ನಿನಗ ಕಲಿಸಿದಾವ?"

"ನೀವ ರೀ."

ಮಾಸ್ತರರು ಕಡೆಯ ಸಾಲಿಗೆ ಹೋಗದೆ ಮಕ್ಕಳ ನಡುವೆ, ಎಲ್ಲರಿಗಿಂತ ಮುಂದೆ ಚಕ್ಕಳಮಕ್ಕಳ ಹಾಕಿ ಕೂತರು.

"ಹಂಗಾದ್ರ ಕಲಿಸಿದ್ದು ಬರೋಬ್ಬರಿ ಐತಿ, ಗಡಿಬಿಡಿಯಾಗ ಮರತಿರಬೇಕು. ವನ್ಸ್ ಮೋರ್ ಹಾಕವ್ವಾ, ಈ ಸರತಿ ಕೈ ಮುಗೀತೈತಿ."