ನಾಯಕನಿಗೆ ಊಟವಿಲ್ಲ

ನನ್ನ ಹೆಂಡತಿಯ ಮೇಲೆ ನನಗಿರುವ ದೂರು ಒಂದೇ. ನನ್ನ ನಾಟಕ ನೋಡುವಾಗ ಅವಳಿಗೆ ನಿದ್ದೆ ಬರುತ್ತದೆ. ಸುಮ್ಮನೆ ತೂಕಡಿಕೆಯಲ್ಲ, ತಲೆಯನ್ನು ಪಕ್ಕದವರ ಹೆಗಲಿಗೆ ಒಪ್ಪಿಸಿ, ಬಾಯಿ ಅರೆ ತೆರೆದು ಮಾಡುವ ಸಾಂಗವಾದ, ಸಂಪೂರ್ಣವಾದ ನಿದ್ದೆ. (ಒಮ್ಮೆ ಆ ಹೆಗಲು ಮುಖ್ಯ ಅತಿಥಿಗಳದ್ದಾಗಿತ್ತು. ಪಾಪ, ಅವರು ಅಲುಗಾಡದೆ ಕೂತಿದ್ದು, ಕೊನೆಗೆ ಭಾಷಣದಲ್ಲಿ "ಪ್ರೇಕ್ಷಕರು ಮೈಮರೆತಿದ್ದರು" ಎಂದು ಹೊಗಳಿ ಹೋದರು.)

ಕೇಳಿದರೆ ಅವಳ ಉತ್ತರ ಸಿದ್ಧ. "ನಮ್ಮ ಯಜಮಾನ್ರು ಬಂದಾಗ ಎಬ್ಬಿಸಿ ಅಂತ ಪಕ್ಕದವರಿಗೆ ಹೇಳೇ ಮಲಗಿರ್ತೀನಿ ಕಣ್ರೀ. ಅವರು ಎಬ್ಬಿಸೋ ಹೊತ್ತಿಗೆ ನೀವು ಹೋಗೇಬಿಟ್ಟಿರ್ತೀರಿ."

ಇದರಲ್ಲಿ ಸತ್ಯಾಂಶವಿಲ್ಲದೇ ಇಲ್ಲ. ರಂಗಭೂಮಿಗೆ ನಾನು ಸಲ್ಲಿಸಿರುವ ಸೇವೆ ದೀರ್ಘವಾದದ್ದು, ಆದರೆ ಚೂರುಚೂರಾದದ್ದು. "ಪ್ರಭೂ, ಶತ್ರುಗಳು ಕೋಟೆಯ ಬಾಗಿಲಿಗೆ ಬಂದಿದ್ದಾರೆ!" ಎಂದು ಹೇಳಿ ಓಡಿಹೋಗುವ ದೂತ ನಾನು. ಗುಂಪಿನಲ್ಲಿ "ಹೌದು, ಹೌದು" ಎನ್ನುವಾಗ ಎರಡನೆಯ "ಹೌದು" ನನ್ನದು. ಮಕ್ಕಳ ನಾಟಕದಲ್ಲಿ ಕುದುರೆಯ ಹಿಂಗಾಲುಗಳು ನಾನೇ. ಆದರೆ ಹೆಣವಾಗಿ ನನಗೆ ಒಳ್ಳೆಯ ಹೆಸರಿದೆ. ನನ್ನಷ್ಟು ಹೊತ್ತು ಉಸಿರು ಬಿಗಿಹಿಡಿದು ಬಿದ್ದುಕೊಳ್ಳುವವರು ನಮ್ಮ ತಂಡದಲ್ಲಿ ಇನ್ನೊಬ್ಬರಿಲ್ಲ. ಹೊಸ ನಾಟಕ ಎಂದ ಕೂಡಲೇ ನಮ್ಮ ಜೊತೆಗೇ ಇರುವ ನಮ್ಮತ್ತೆ ಕೇಳುವುದು ಒಂದೇ ಪ್ರಶ್ನೆ: "ಅಳಿಯಂದ್ರೇ, ಈ ಸಲ ಬದುಕಿರ್ತೀರೋ, ಸತ್ತಿರ್ತೀರೋ?"

"ಯಾಕತ್ತೆ?"

"ಸತ್ತಿದ್ರೆ ಬರ್ತೀನಿ. ನಿಂತಿದ್ರೆ ಗುಂಪಲ್ಲಿ ನಿಮ್ಮನ್ನ ಹುಡುಕೋದು ನನ್ನ ಕಣ್ಣಿಗೆ ಆಗಲ್ಲ."

ಹಗಲು ಹೊತ್ತು ಹೊಸ ಅಂಗಡಿಗಳ ಉದ್ಘಾಟನೆಗೆ ಕರಡಿಯ ವೇಷ ಹಾಕಿ ಬಾಗಿಲಲ್ಲಿ ಕೈಬೀಸುತ್ತೇನೆ. ಮನೆ ನಡೆಯುವುದು ಮಾತ್ರ ಹೆಂಡತಿಯ ಕನ್ನಡಕದಂಗಡಿಯ ಕೆಲಸದಿಂದ. ಅದನ್ನು ಅವಳು ಒಂದು ದಿನವೂ ಆಡಿ ತೋರಿಸಿದವಳಲ್ಲ. (ಅದಕ್ಕೆಂದೇ ನಮ್ಮತ್ತೆ ಇದ್ದಾರೆ.)

ಹೀಗಿರುವಾಗ ಒಂದು ಸಂಜೆ ನಮ್ಮ ನಿರ್ದೇಶಕರು, ಅಂದರೆ ನಾವೆಲ್ಲ ಮೇಷ್ಟ್ರು ಎಂದು ಕರೆಯುವವರು, ನನ್ನನ್ನು ಪಕ್ಕಕ್ಕೆ ಕರೆದು ತಮ್ಮ ಹೊಸ ನಾಟಕದ ನಾಯಕ ನೀನೇ ಎಂದರು. ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ನನ್ನಲ್ಲಿ ಏನು ಕಂಡ್ರಿ ಮೇಷ್ಟ್ರೇ?"

"ನಿನ್ನ ಮುಖದಲ್ಲಿ ಸೋಲಿದೆ ಕಣಯ್ಯ. ಮೇಕಪ್ಪೇ ಬೇಕಾಗಿಲ್ಲ."

ಕಥೆ ಸರಳ. ಒಬ್ಬ ಕವಿ. ಅವನನ್ನು ಅರ್ಥಮಾಡಿಕೊಳ್ಳದ ಹೆಂಡತಿ. ಕೊನೆಯ ದೃಶ್ಯದಲ್ಲಿ ಅವನು ಚೀಲ ಹಿಡಿದು ಮನೆ ಬಿಡುತ್ತಾನೆ. ಊಟದ ಮೇಜಿನ ಪಕ್ಕ ನಿಂತ ಹೆಂಡತಿ, "ಹೋಗಿ! ಈ ಬಾಗಿಲು ನಿಮಗಾಗಿ ಇನ್ನೆಂದೂ ತೆರೆಯದು!" ಎನ್ನುತ್ತಾಳೆ. ಬಾಗಿಲು ಧಡಾರನೆ ಮುಚ್ಚುತ್ತದೆ. ಪರದೆ.

ಮನೆಗೆ ಓಡಿಬಂದು ಹೇಳಿದೆ. ಹೆಂಡತಿ ಹುರುಳಿಕಾಯಿ ಸೋಸುತ್ತಿದ್ದವಳು ಕೈ ನಿಲ್ಲಿಸಿದಳು. ಮುಖ ಅರಳಿತು. ಆಮೇಲೆ ಮೆಲ್ಲಗೆ ಅಂದಳು: "ರೀ, ಅಣ್ಣ ಮೊನ್ನೆನೂ ಕೇಳಿದ. ಅವನ ಫರ್ನಿಚರ್ ಅಂಗಡೀಲಿ ಒಬ್ಬರು ಬೇಕಂತೆ. ಕುರ್ಚಿ, ಸೋಫಾ ತೋರಿಸೋ ಕೆಲಸ."

ಅವಳು ಅದನ್ನು ಅನ್ನುವಾಗ ಕಾಲು ಒತ್ತಿಕೊಳ್ಳುತ್ತಿದ್ದಳು. ದಿನವಿಡೀ ಕೌಂಟರಿನ ಹಿಂದೆ ನಿಂತ ಕಾಲು. ನನ್ನ ಗಂಟಲಲ್ಲಿದ್ದ ವೀರಾವೇಶ ಕೆಳಗಿಳಿಯಿತು. "ಆಯ್ತು ಕಣೇ. ಈ ನಾಟಕ ಗೆಲ್ಲಲಿಲ್ಲ ಅಂದ್ರೆ ನಾನು ಕುರ್ಚಿ ಮಾರೋಕೆ ಹೋಗ್ತೀನಿ. ಮಾತು ಕೊಟ್ಟೆ" ಎಂದೆ.

"ನಾನು ಮಾತು ಕೇಳಲಿಲ್ಲ" ಎಂದಳು. ಆದರೆ ಬೇಡ ಎನ್ನಲೂ ಇಲ್ಲ.

ಅಂದಿನಿಂದ ನಮ್ಮ ಅಡುಗೆಮನೆಯೇ ರಂಗಮಂದಿರವಾಯಿತು. ಅವಳು ಪಾತ್ರೆ ತೊಳೆಯುವಳು, ನಾನು ಪಾತ್ರ ತೊಳೆಯುವೆನು. (ಹಾಗಂತ ಅತ್ತೆಯವರ ಅಭಿಪ್ರಾಯ.) ನಾಯಕಿಯ ಮಾತುಗಳನ್ನು ಅವಳೇ ಓದಿ ನನ್ನ ಮಾತಿಗೆ ಎತ್ತಿಕೊಡಬೇಕು. ಅಯ್ಯೋ, ಆ ಓದು! ಕನ್ನಡಕದಂಗಡಿಯಲ್ಲಿ ಗೋಡೆಯ ಮೇಲಿನ ಅಕ್ಷರಗಳನ್ನು ಓದಿಸಿ ಓದಿಸಿ ಅವಳಿಗೆ ಅದೇ ಧಾಟಿ ಹತ್ತಿಬಿಟ್ಟಿದೆ. "ನನ್ನ. ಹೃದಯ. ಒಡೆದು. ಚೂರಾಯಿತು" ಎಂದು ಓದಿ, "ಸರಿಯಾಗಿ ಕಾಣಿಸ್ತಾ?" ಎಂಬಂತೆ ನನ್ನ ಮುಖ ನೋಡುತ್ತಿದ್ದಳು.

"ಭಾವ ಬೇಕು ಕಣೇ, ಭಾವ!"

"ಭಾವ ನಾಳೆ ಬರ್ತಾನೆ ಅಂದಿದ್ದಾನಲ್ಲ, ಕುರ್ಚಿ ವಿಷಯ ಮಾತಾಡೋಕೆ" ಎಂದು ಒಳಗಿಂದ ಅತ್ತೆ.

ಹೆಂಡತಿಗೆ ನಾಟಕದ ಬಗ್ಗೆಯೇ ತಕರಾರು. "ಈ ಬಾಗಿಲು ಇನ್ನೆಂದೂ ತೆರೆಯದು ಅಂತಾಳಲ್ಲ ಇವಳು, ಬೀಗದ ಕೈ ಒಂದು ಅವನ ಹತ್ರಾನೂ ಇರುತ್ತಲ್ರೀ?"

ಇಂಥವಳಿಗೆ ಕಲೆಯನ್ನು ತಿಳಿಸುವುದು ಹೇಗೆ?

ಪ್ರದರ್ಶನದ ಹಿಂದಿನ ದಿನ ಬರಸಿಡಿಲು ಬಡಿಯಿತು. ನಾಯಕಿ ಮನೆಯ ಮೆಟ್ಟಿಲಿನಿಂದ ಜಾರಿ ಕಾಲು ಮುರಿದುಕೊಂಡರು. ಮೇಷ್ಟ್ರು ತಲೆಯ ಮೇಲೆ ಕೈಹೊತ್ತು ರಂಗದ ಮಧ್ಯೆ ಕೂತುಬಿಟ್ಟರು. ನಾಟಕ ನಿಂತೇಹೋಯಿತು ಎಂದರು. ನನ್ನ ಕಣ್ಣ ಮುಂದೆ ಸಾಲುಸಾಲು ಸೋಫಾಗಳು ಸುಳಿದವು. ನನಗೇ ತಿಳಿಯದೆ ಬಾಯಿಂದ ಮಾತು ಜಾರಿತು: "ಮೇಷ್ಟ್ರೇ, ನನ್ನ ಹೆಂಡತಿಗೆ ಎಲ್ಲ ಮಾತೂ ಬಾಯಿಪಾಠ."

"ನಟನೆ ಬರುತ್ತಾ?"

"ಇಲ್ಲ."

"ಕರ್ಕೊಂಡು ಬಾ."

ಹೆಂಡತಿ ಒಪ್ಪಲಿಲ್ಲ. ಬೇಡಿಕೊಂಡೆ. "ನಾನು ಹೇಗಿದ್ದೀನೋ ಹಾಗೆ ನಿಂತು ಹೇಳಿ ಬರ್ತೀನಿ. ನಗಬಾರದು" ಎಂಬ ಷರತ್ತಿನ ಮೇಲೆ, ನನ್ನ ಮುಖ ನೋಡಿ, ಒಪ್ಪಿದಳು. ಆ ಇಡೀ ದಿನ ನನ್ನ ಅನುಭವದ ಭಂಡಾರವನ್ನೇ ಅವಳ ಮುಂದೆ ಸುರಿದೆ. ಉಸಿರು ಹೊಕ್ಕಳಿನಿಂದ ಬರಬೇಕು. ಕೈ ಸುಮ್ಮನಿರಬಾರದು. ದೃಷ್ಟಿ ಸದಾ ಮೂರನೇ ಸಾಲಿನ ಮೇಲಿರಬೇಕು.

"ಮೂರನೇ ಸಾಲಲ್ಲಿ ಯಾರಿರ್ತಾರೆ?"

"ಯಾರೂ ಇಲ್ಲ ಕಣೇ, ಅದೊಂದು ಕ್ರಮ. ಇನ್ನು ಈ ಅವಕಾಶ ನಿನಗೆ ಸಿಕ್ಕಿದ್ದು ನನ್ನ ಶಿಫಾರಸಿನಿಂದ ಅನ್ನೋದನ್ನ ಮರೀಬೇಡ. ನನ್ನ ಮಾನ ತೆಗೀಬೇಡ."

"ಆಯ್ತು" ಎಂದಳು. ಮುಂದೆ ನಡೆದದ್ದನ್ನು ನೋಡಿದರೆ, ಅವಳು ನನ್ನ ಉಪದೇಶದಲ್ಲಿ ಒಂದನ್ನೂ ನೆನಪಿಟ್ಟುಕೊಂಡಿರಲಿಲ್ಲ.

ಪ್ರದರ್ಶನದ ದಿನ ಗಾಬರಿಯಿಂದ ನನ್ನ ಗಂಟಲಲ್ಲಿ ನೀರೂ ಇಳಿಯಲಿಲ್ಲ. ಮುಂದಿನ ಸಾಲಿನಲ್ಲಿ ಅತ್ತೆ, ಪಕ್ಕದಲ್ಲಿ ನನ್ನ ಭಾವ. ಪರದೆ ಎದ್ದಿತು. ನಾನು ಗರ್ಜಿಸಿದೆ, ನಿಟ್ಟುಸಿರಿಟ್ಟೆ, ಕೂದಲು ಕಿತ್ತುಕೊಂಡೆ. ಹೆಂಡತಿ ಮನೆಯಲ್ಲಿ ನಿಲ್ಲುವ ಹಾಗೆಯೇ, ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತು, ನನ್ನ ಮುಖವನ್ನೇ ನೋಡುತ್ತ, ಮನೆಯಲ್ಲಿ ಮಾತಾಡುವ ಹಾಗೆಯೇ ಮಾತಾಡಿದಳು. ಮೂರನೇ ಸಾಲಿನ ಕಡೆ ಒಮ್ಮೆಯೂ ತಿರುಗಲಿಲ್ಲ. ನನಗೆ ಒಳಗೊಳಗೇ ನಾಚಿಕೆ. ಇವಳು ನಟಿಸುತ್ತಲೇ ಇಲ್ಲವಲ್ಲ! ಜನ ಮಾತ್ರ ಅವಳು ಬಾಯಿ ತೆರೆದರೆ ಕೆಮ್ಮುವುದನ್ನೂ ನಿಲ್ಲಿಸುತ್ತಿದ್ದರು. ಅಜ್ಞಾನಿಗಳು ಎಂದುಕೊಂಡೆ.

ಕೊನೆಯ ದೃಶ್ಯ. ಚೀಲ ಎತ್ತಿಕೊಂಡೆ. ಬಾಗಿಲಿನ ಹತ್ತಿರ ಹೋಗಿ ನಿಂತೆ. "ನನ್ನ ದಾರಿ ಬೇರೆ, ನಿನ್ನ ದಾರಿ ಬೇರೆ! ನಾನು ಹೊರಟೆ!" ಎಂದು ಗುಡುಗಿ, ಅವಳ "ಹೋಗಿ"ಗಾಗಿ ಕಾದೆ.

ಅದು ಬರಲಿಲ್ಲ.

ಮರೆತಳು ಎಂದುಕೊಂಡೆ. ತುಟಿ ಅಲುಗಿಸದೆ, "ಹೋಗಿ... ಹೋಗಿ ಅನ್ನೇ" ಎಂದು ಪಿಸುಗುಟ್ಟಿದೆ. ಅವಳು ಮೇಜಿನ ಪಕ್ಕ, ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು, ನನ್ನನ್ನು ನೋಡುತ್ತಲೇ ಇದ್ದಳು. ಆ ನೋಟ ನನಗೆ ಗೊತ್ತು. ಕರಡಿಯ ವೇಷ ಬಿಚ್ಚಿ ಬೆವರಿ ಮನೆಗೆ ಬಂದಾಗ ನೋಡುವ ನೋಟ ಅದು.

"ಎಲ್ಲಿಗೆ ಹೋಗ್ತೀರಿ?" ಎಂದಳು. "ಬೆಳಿಗ್ಗೆಯಿಂದ ಒಂದು ತುತ್ತು ತಿಂದಿಲ್ಲ. ಊಟ ಮಾಡಿ."

ಎಲ್ಲೋ ಹಿಂದೆ ಒಬ್ಬರು ನಕ್ಕರು. ಹತ್ತಾರು ಜನ ನಕ್ಕರು. ನಾನು ನಾಟಕವನ್ನು ಉಳಿಸಬೇಕೆಂದು ಇನ್ನಷ್ಟು ಜೋರಾಗಿ, "ನನ್ನ ದಾರಿ ಬೇರೆ, ನಿನ್ನ ದಾರಿ ಬೇರೆ!" ಎಂದೆ.

"ಆಯ್ತು. ಕೈ ತೊಳ್ಕೊಳ್ಳಿ."

ಈ ಸಲ ಯಾರೂ ನಗಲಿಲ್ಲ. ನಾನು ಚೀಲ ಕೆಳಗಿಟ್ಟೆ. ರಂಗದ ಮೇಲೆ ನಲ್ಲಿ ಇರಲಿಲ್ಲ. ಆದರೂ ಕೈ ತೊಳೆದುಕೊಂಡೆ. ಬಂದು ಕೂತೆ. ಅವಳು ಪಾತ್ರೆಯ ಮುಚ್ಚಳ ತೆಗೆದಳು. ನಾಟಕದ ಪಾತ್ರೆ, ಒಳಗೆ ಏನಿರುತ್ತದೆ? ಖಾಲಿ. ಆ ಖಾಲಿಯನ್ನೇ ಸೌಟಿನಿಂದ ತೆಗೆದು, ಚೆಲ್ಲದ ಹಾಗೆ, ನನ್ನ ತಟ್ಟೆಗೆ ಬಡಿಸಿದಳು. ನಾನು ಉಂಡೆ. ಎರಡನೇ ಸಲ ಬಡಿಸುವಾಗ ತಲೆಯೆತ್ತಿ ಅವಳನ್ನು ನೋಡಿದೆ. ಯಾವ ಮೇಷ್ಟ್ರೂ ಬರೆಯದ ಮಾತೊಂದು ಬಾಯಿಂದ ಬಂತು.

"ನನ್ನ ಜೊತೆ ಬದುಕಿ ಸಾಕಾಗಲ್ವೇನೇ ನಿನಗೆ?"

"ಸಾಕಾಗುತ್ತೆ" ಎಂದಳು. "ದಿನಾ ಸಂಜೆ ಸಾಕಾಗುತ್ತೆ. ಬೆಳಿಗ್ಗೆ ಎದ್ದು ನೋಡಿದ್ರೆ ಮತ್ತೆ ಬೇಕು ಅನ್ಸುತ್ತೆ. ಏನ್ಮಾಡ್ಲಿ?" ಸೌಟು ಕೆಳಗಿಟ್ಟು, "ಕುರ್ಚಿಗಿರ್ಚಿ ಬೇಡ. ಅದು ನಿಮ್ಮ ಕೈಲಾಗೋದಲ್ಲ. ನೀವು ಇದನ್ನೇ ಮಾಡ್ಕೊಂಡಿರಿ" ಎಂದಳು.

ಮುಂದಿನ ಸಾಲಿನಲ್ಲಿ ಭಾವ ಕರವಸ್ತ್ರ ತೆಗೆದ. ಬಾಗಿಲು ಧಡಾರೆಂದಾಗ ಪರದೆ ಬಿಡಬೇಕೆಂದು ಕಾದಿದ್ದ ಪರದೆಯವರು, ಇನ್ನು ಅದು ಧಡಾರೆನ್ನುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು, ಮೂಗು ಒರೆಸಿ, ತಾವೇ ತೀರ್ಮಾನಿಸಿ ಪರದೆ ಬಿಟ್ಟರು.

ಚಪ್ಪಾಳೆ ನಿಲ್ಲಲೇ ಇಲ್ಲ. ಮೇಷ್ಟ್ರು ಬಿರುಗಾಳಿಯಂತೆ ಒಳಗೆ ನುಗ್ಗಿದವರು, ಚಪ್ಪಾಳೆಯ ಸದ್ದು ಕೇಳಿ ಅರ್ಧದಲ್ಲೇ ತಂಗಾಳಿಯಾದರು. "ಮೊದಲು ನಾನೂ ಹೀಗೇ ಬರೆಯೋಣ ಅಂತಿದ್ದೆ" ಎಂದರು. (ಮರುದಿನ ಪತ್ರಿಕೆಯ ವಿಮರ್ಶಕರು, "ಕುರ್ಚಿ ಬೇಡ ಎಂಬ ಒಂದೇ ಮಾತಿನಲ್ಲಿ ನಾಟಕಕಾರರು ಇಂದಿನ ಅಧಿಕಾರದಾಹಕ್ಕೆ ಛಾಟಿ ಬೀಸಿದ್ದಾರೆ" ಎಂದು ಬರೆದರು. ಮೇಷ್ಟ್ರು ಅದನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆ.)

"ಅಮ್ಮಾ, ಇನ್ನು ಮುಂದೆ ಈ ಪಾತ್ರ ನಿಮ್ಮದೇ" ಎಂದು ಮೇಷ್ಟ್ರು ನನ್ನ ಹೆಂಡತಿಗೆ ಕೈಮುಗಿದರು. ಆಮೇಲೆ ನನ್ನ ಕಡೆ ತಿರುಗಿ ಗಲ್ಲ ಕೆರೆದುಕೊಂಡರು. "ನಿಮ್ಮ ಪಕ್ಕ ಇವನು ಸ್ವಲ್ಪ ಜಾಸ್ತಿ ನಟಿಸ್ತಾನೆ ಅನ್ಸುತ್ತೆ. ಗಂಡನ ಪಾತ್ರಕ್ಕೆ ಬೇರೆ ಯಾರನ್ನಾದ್ರೂ ನೋಡೋಣ್ವೇ?"

ಹೆಂಡತಿ ಸೆರಗಿನಿಂದ ಮುಖದ ಬಣ್ಣ ಒರೆಸಿಕೊಳ್ಳುತ್ತ ಹೇಳಿದಳು: "ಬೇರೆಯವರಿಗೆಲ್ಲ ನಾನು ಬಡಿಸಲ್ಲ ಸಾರ್."

ಹೀಗೆ, ಓದುಗರೇ, ನಾಯಕನ ಪಾತ್ರದಲ್ಲಿ ನಾನು ಉಳಿದದ್ದು ಹೆಂಡತಿಯ ಶಿಫಾರಸಿನಿಂದ.

ಇಲ್ಲಿಗೆ ಮುಗಿದಿದ್ದರೆ ನಾನು ನಿಮ್ಮ ಹತ್ತಿರ ಗೋಳು ಹೇಳಿಕೊಳ್ಳುತ್ತಿರಲಿಲ್ಲ. ಎರಡನೆಯ ಪ್ರದರ್ಶನದ ದಿನ ನಾನು ಸಂತೋಷದಿಂದ ಹೊಟ್ಟೆತುಂಬ ತಿಂದು, ಒಂದು ನಿದ್ದೆಯನ್ನೂ ತೆಗೆದು ರಂಗಕ್ಕೆ ಹೋದೆ. ಊಟದ ದೃಶ್ಯದಲ್ಲಿ ತೇಗು ಬಂತು. ಸಭೆ ಗೊಳ್ಳೆಂದಿತು. ಪರದೆ ಬಿದ್ದ ಮೇಲೆ ಮೇಷ್ಟ್ರು, "ಮೊದಲ ದಿನದ ಆ ಊಟ ಎಲ್ಲಿ ಹೋಯ್ತಯ್ಯ?" ಎಂದು ಕಿರುಚಾಡಿದರು. ನಾನು ಉಸಿರು, ಹೊಕ್ಕಳು ಎಂದು ಏನೋ ಕಾರಣ ಹೇಳುತ್ತಿದ್ದೆ. ಹೆಂಡತಿ ಯೋಚಿಸಿ, ಕಣ್ಣಿಗೆ ನಂಬರು ಬರೆದುಕೊಡುವಷ್ಟು ನಿಖರವಾಗಿ ಹೇಳಿದಳು: "ಮೊದಲ ದಿನ ಇವರಿಗೆ ಹಸಿವಿತ್ತು ಸಾರ್. ಅಷ್ಟೇ."

ಅಂದಿನಿಂದ ನಾಟಕದ ದಿನ ಬೆಳಿಗ್ಗೆಯಿಂದ ನನಗೆ ಊಟವಿಲ್ಲ. ಪಾತ್ರೆಯಲ್ಲಿ ಈಗ ನಿಜವಾದ ಊಟವನ್ನೇ ಇಡುತ್ತಾರೆ, ಬಿಸಿಯಾಗಿ, ನನಗೆ ಇಷ್ಟವಾದದ್ದನ್ನೇ. ಅದನ್ನು ಅವಳೇ ಮಧ್ಯಾಹ್ನ ಮಾಡುತ್ತಾಳೆ. ವಾಸನೆ ಮನೆಯೆಲ್ಲ ತುಂಬುತ್ತದೆ. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಕುರ್ಚಿ ಹಾಕಿಕೊಂಡು ಕಾವಲು. ದೂರದಿಂದ ನನ್ನ ಮುಖ ಕಾಣದ ಅವರಿಗೆ ಬಿಸ್ಕತ್ತಿನ ಡಬ್ಬಿ ತೆರೆಯುವ ಸದ್ದು ಮಾತ್ರ ಎರಡು ಕೋಣೆ ದಾಟಿ ಕೇಳುತ್ತದೆ. ಬೀದಿಯ ತುದಿಯ ಬೇಕರಿಗೆ ಹೋದೆ. "ನಿಮಗೆ ಕೊಡಬಾರದು ಅಂತ ಅಕ್ಕಾವ್ರು ಹೇಳಿದ್ದಾರೆ ಸಾರ್. ನಾಟಕ ಹಾಳಾಗುತ್ತಂತೆ" ಎಂದು ಬೇಕರಿಯವರು ಬನ್ನುಗಳನ್ನು ನನ್ನ ಕಣ್ಣ ಮುಂದಿನಿಂದ ಸರಿಸಿಟ್ಟರು.

ನಾಟಕ ಇನ್ನೂ ನಡೆಯುತ್ತಲೇ ಇದೆ. ಹೆಂಡತಿ ಈಗ ನುರಿತ ಕಲಾವಿದೆ. ಅವಳು ಕಂಡುಕೊಂಡಿರುವ ಹೊಸ ಸಂಗತಿಯೆಂದರೆ ಮೌನ. ನಾನು ಚೀಲ ಹಿಡಿದು ಬಾಗಿಲಲ್ಲಿ ನಿಂತ ಮೇಲೆ, "ಊಟ ಮಾಡಿ" ಎನ್ನುವ ಮೊದಲು, ಅವಳು ತಡೆಯುತ್ತಾಳೆ. ಪ್ರತಿ ಪ್ರದರ್ಶನಕ್ಕೂ ಆ ಮೌನ ಇನ್ನಷ್ಟು ಉದ್ದವಾಗುತ್ತಿದೆ. ಮುಚ್ಚಳದ ಸಂದಿಯಿಂದ ಹಬೆ ಏಳುತ್ತಿರುತ್ತದೆ. ಎಲ್ಲಾದರೂ ಇವತ್ತು ಅವಳು ಮೇಷ್ಟ್ರು ಮೊದಲು ಬರೆದ "ಹೋಗಿ!" ಎಂಬ ಮಾತನ್ನೇ ಹೇಳಿಬಿಟ್ಟರೆ ಎಂದು ನನ್ನ ಕಾಲು ಗಡಗಡ ನಡುಗುತ್ತದೆ, ಕಣ್ಣಲ್ಲಿ ನೀರು ತುಂಬುತ್ತದೆ. ಜನ ಅದನ್ನು ನೋಡಿ, ಈ ಮನುಷ್ಯ ಎಂಥ ನಟ ಎಂದು ಉಸಿರು ಬಿಗಿಹಿಡಿಯುತ್ತಾರೆ.